ಟೀವಿಗೊಂದು ಆಟದ ಪೆಟ್ಟಿಗೆ: ಕೊಳ್ಳುವ ಮುನ್ನ ತಾತನ ಲೆಕ್ಕ

ಬೇಸಿಗೆ ರಜೆ ಹತ್ತಿರ ಬಂತೆಂದರೆ ತಾತ-ಅಜ್ಜಿಯರ ಮನೆಗಳಲ್ಲಿ ಎರಡು ತಯಾರಿ ನಡೆಯುತ್ತವೆ. ಒಂದು, ಹಪ್ಪಳ ಸಂಡಿಗೆ ಒಣಗಿಸಿ ಡಬ್ಬಿಗೆ ತುಂಬುವುದು. ಇನ್ನೊಂದು, ಮೊಮ್ಮಕ್ಕಳ ಬೇಡಿಕೆಯ ಪಟ್ಟಿ ಕೇಳಿಸಿಕೊಳ್ಳುವುದು. ಹಿಂದೆ ಆ ಪಟ್ಟಿಯಲ್ಲಿ ಬುಗುರಿ, ಚಿನ್ನಿದಾಂಡು, ಕೇರಂ ಬೋರ್ಡಿನ ಪೌಡರು ಇರುತ್ತಿದ್ದವು. ಈಗ ‘ಟೀವಿಗೆ ಹಾಕಿ ಆಡೋ ಗೇಮ್’ ಇರುತ್ತದೆ.

ನಮ್ಮದು ತುಮಕೂರು. ಮನೆಯಲ್ಲಿ ನಾವಿಬ್ಬರೇ. ಮಗನ ಮಗ ಬೆಂಗಳೂರಿನಲ್ಲಿ ಐದನೇ ತರಗತಿ, ಮಗಳ ಮಗಳು ಪುಣೆಯಲ್ಲಿ ಎಂಟನೇ ತರಗತಿ. ಏಪ್ರಿಲ್-ಮೇ ತಿಂಗಳಲ್ಲಿ ಇಬ್ಬರೂ ಇಲ್ಲಿಗೆ ಬರುತ್ತಾರೆ. ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಹೊರಗೆ ಕಾಲಿಡುವಂತಿಲ್ಲ, ಅಂಥ ಬಿಸಿಲು. ಆ ಐದು ಗಂಟೆ ಒಬ್ಬ ಹಾಸಿಗೆಯ ಮೇಲೆ ಒಂದು ಫೋನು, ಒಬ್ಬಳು ಕಿಟಕಿಯ ಹತ್ತಿರ ಇನ್ನೊಂದು ಫೋನು. ಮನೆ ತುಂಬ ಜನ, ಆದರೆ ಮಾತಿಲ್ಲ. ಈ ಸಲ ಮೊಮ್ಮಗ ಫೋನ್ ಮಾಡಿ, “ತಾತ, ಪ್ಲೇಸ್ಟೇಷನ್ ತಂದಿಡ್ತೀಯಾ? ಎಲ್ಲಾರೂ ಟೀವೀಲೇ ಆಡ್ಬೋದು” ಅಂದ. ‘ಎಲ್ಲಾರೂ’ ಎಂಬ ಮಾತು ನನಗೆ ಹಿಡಿಸಿತು. ಬೆಲೆ ಹಿಡಿಸಲಿಲ್ಲ. ಪ್ಲೇಸ್ಟೇಷನ್ 5 ನಮ್ಮ ದೇಶಕ್ಕೆ 2021ರಲ್ಲಿ ಬಂದಾಗಲೇ ಡಿಸ್ಕ್ ಹಾಕುವ ಮಾದರಿಗೆ 49,990 ರೂಪಾಯಿ. ಅದರ ಕೆಲವು ಹೊಸ ಆಟಗಳಿಗೆ ಒಂದೊಂದಕ್ಕೆ 4,999 ರೂಪಾಯಿ. ಪಿಂಚಣಿದಾರನ ಮನೆಗೆ ಇದು ಹೊಂದುವ ಲೆಕ್ಕವಲ್ಲ.

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಡ್ಜರ್ ಬರೆದವನು. ಕೊಟ್ಟ ದುಡ್ಡು ಎಡಕ್ಕೆ, ಬಂದ ಪ್ರಯೋಜನ ಬಲಕ್ಕೆ ಬರೆದು ನೋಡದೆ ಏನನ್ನೂ ಕೊಳ್ಳುವ ಅಭ್ಯಾಸವಿಲ್ಲ. ಎಂಟು ಸಾವಿರ ರೂಪಾಯಿ ಮಿತಿ ಹಾಕಿಕೊಂಡು ಎರಡು ತಿಂಗಳು ವಿಚಾರಿಸಿದೆ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳನ್ನು ಸುತ್ತಿದೆ, ಗೊತ್ತಿರುವ ಹುಡುಗರನ್ನು ಕೇಳಿದೆ, ಪೆಟ್ಟಿಗೆಗಳ ಮೇಲಿನ ಸಣ್ಣಕ್ಷರಗಳನ್ನು ಭೂತಗನ್ನಡಿ ಹಿಡಿದು ಓದಿದೆ. ನನ್ನಂಥ ಹಿರಿಯರಿಗೂ ಅವರನ್ನು ಪೀಡಿಸುತ್ತಿರುವ ಮಕ್ಕಳಿಗೂ ಉಪಯೋಗವಾಗಲೆಂದು ಆ ಟಿಪ್ಪಣಿಗಳನ್ನು ಇಲ್ಲಿ ಕೊಡುತ್ತಿದ್ದೇನೆ.

ಪೆಟ್ಟಿಗೆಯೊಳಗೆ ಏನಿದೆ?

ಅಗ್ಗದ ಒಂದು ಮೊಬೈಲ್ ಫೋನಿನಿಂದ ಪರದೆ, ಬ್ಯಾಟರಿ, ಕ್ಯಾಮೆರಾ ತೆಗೆದುಹಾಕಿದರೆ ಉಳಿಯುವುದೇ ಆಂಡ್ರಾಯ್ಡ್ ಬಾಕ್ಸ್. ಪರದೆಯ ಕೆಲಸವನ್ನು ಟೀವಿ ಮಾಡುತ್ತದೆ. ಟೀವಿಯ ಹಿಂದೆ ಇರುವ ಎಚ್‌ಡಿಎಂಐ ಕಿಂಡಿಗೆ ಇದನ್ನು ಜೋಡಿಸಬೇಕು. ಅಂಗೈಯಗಲದ ಡಬ್ಬಿಯಾಗಿದ್ದರೆ ಬಾಕ್ಸ್, ಬೆರಳುದ್ದದ ಕಡ್ಡಿಯಾಗಿದ್ದರೆ ಸ್ಟಿಕ್. ಕೆಲಸ ಒಂದೇ.

ಆಂಡ್ರಾಯ್ಡ್ ಎನ್ನುವುದು ಗೂಗಲ್ ಸಂಸ್ಥೆಯ ತಂತ್ರಾಂಶ. ಅದರ ಮೂಲ ಭಾಗವನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಅದಕ್ಕೇ ಇಷ್ಟು ತಯಾರಕರು, ಇಷ್ಟು ಅಗ್ಗ. ಆದರೆ ಪ್ಲೇ ಸ್ಟೋರ್ ಎಂಬ ಆಟದ ಅಂಗಡಿಯನ್ನು ಪೆಟ್ಟಿಗೆಯೊಳಗೆ ಇಡಬೇಕಾದರೆ ಗೂಗಲ್‌ನ ಪರೀಕ್ಷೆ ಪಾಸಾಗಿ ಅನುಮತಿ ಪಡೆಯಬೇಕು. ಟೀವಿಗೆಂದೇ ರೂಪಿಸಿದ ‘ಆಂಡ್ರಾಯ್ಡ್ ಟೀವಿ’ಯನ್ನು ಗೂಗಲ್ 2014ರಲ್ಲಿ ಪ್ರಕಟಿಸಿತು. 2020ರಿಂದ ‘ಗೂಗಲ್ ಟೀವಿ’ ಎಂಬ ಹೊಸ ಮುಖಪುಟವೂ ಸೇರಿದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಅಂಗಡಿಯಲ್ಲಿ ‘ಆಂಡ್ರಾಯ್ಡ್ ಬಾಕ್ಸ್’ ಎಂದು ಮಾರುವುದೆಲ್ಲ ಆಂಡ್ರಾಯ್ಡ್ ಟೀವಿ ಅಲ್ಲ. ಕೆಲವುಗಳಲ್ಲಿ ಫೋನಿನ ಆಂಡ್ರಾಯ್ಡನ್ನೇ ತುಂಬಿಸಿರುತ್ತಾರೆ. ಫೋನಿನ ಆಟಗಳು ಬೆರಳಿನಿಂದ ಪರದೆ ಮುಟ್ಟಿ ಆಡಲು ಮಾಡಿದವು. ಟೀವಿಯ ಪರದೆ ಮುಟ್ಟಿದರೆ ಬೆರಳಚ್ಚು ಮೂಡುತ್ತದೆ, ಆಟ ನಡೆಯುವುದಿಲ್ಲ. “ಫೋನಿನಲ್ಲಿರೋ ಗೇಮೆಲ್ಲಾ ಟೀವೀಲಿ ಬರತ್ತೆ ಸಾರ್” ಎಂದು ಅಂಗಡಿಯವರು ಹೇಳಿದರೆ, ಅಲ್ಲೇ ಒಂದು ಆಟ ಹಾಕಿ ತೋರಿಸಲು ಹೇಳಿ. ಫೋನಿನ ಚಿತ್ರವನ್ನೇ ವೈಫೈ ಮೂಲಕ ಟೀವಿಗೆ ಕಳಿಸಿ ಆಡುವುದೂ ಅಷ್ಟೆ. ಚಿತ್ರ ತುಸು ತಡವಾಗಿ ಬರುತ್ತದೆ. ಮದುವೆಯ ವಿಡಿಯೋ ನೋಡಲು ಅಡ್ಡಿಯಿಲ್ಲ, ಓಡುವ ಕಾರನ್ನು ತಿರುಗಿಸಲು ಆಗುವುದಿಲ್ಲ.

ಊಯಾ ಎಂಬ ಪಾಠ

ಹತ್ತು ವರ್ಷಕ್ಕೂ ಹಿಂದಿನ ಒಂದು ನಿಜ ಕತೆ ಕೇಳಿ. ಅಮೆರಿಕದಲ್ಲಿ 2012ರ ಜುಲೈನಲ್ಲಿ ‘ಊಯಾ’ ಎಂಬ ಅಗ್ಗದ ಆಂಡ್ರಾಯ್ಡ್ ಆಟದ ಪೆಟ್ಟಿಗೆಗಾಗಿ ಸಾರ್ವಜನಿಕರಿಂದ ಮುಂಗಡ ಹಣ ಕೇಳಿದರು. ಕೇಳಿದ್ದು ಒಂಬತ್ತೂವರೆ ಲಕ್ಷ ಡಾಲರ್. ಒಂದು ತಿಂಗಳಲ್ಲಿ 63 ಸಾವಿರಕ್ಕೂ ಹೆಚ್ಚು ಜನ ಕೊಟ್ಟದ್ದು 85 ಲಕ್ಷ ಡಾಲರಿಗೂ ಮಿಗಿಲು. 2013ರ ಜೂನ್ ತಿಂಗಳಲ್ಲಿ 99 ಡಾಲರ್ ಬೆಲೆಗೆ ಅದು ಅಂಗಡಿಗೆ ಬಂತು. ಪುಟ್ಟ ಘನಾಕೃತಿ, ನೋಡಲು ಮುದ್ದಾಗಿತ್ತು.

ಊಯಾ ಗೂಗಲ್‌ನ ಪ್ಲೇ ಸ್ಟೋರ್ ಬಿಟ್ಟು ತನ್ನದೇ ಆಟದ ಅಂಗಡಿ ತೆರೆದಿತ್ತು. ಪೆಟ್ಟಿಗೆ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. 2015ರಲ್ಲಿ ರೇಜರ್ ಎಂಬ ಕಂಪನಿ ಅದರ ತಂತ್ರಾಂಶವನ್ನು ಕೊಂಡುಕೊಂಡಿತು. 2019ರ ಜೂನ್ 25ರಂದು ಅಂಗಡಿಯ ಬಾಗಿಲು ಶಾಶ್ವತವಾಗಿ ಮುಚ್ಚಿತು. ಪೆಟ್ಟಿಗೆ ಕೆಟ್ಟಿರಲಿಲ್ಲ. ಆದರೆ ದುಡ್ಡು ಕೊಟ್ಟು ಕೊಂಡ ಆಟವನ್ನು ಮತ್ತೆ ಇಳಿಸಿಕೊಳ್ಳಲು ದಾರಿ ಇರಲಿಲ್ಲ. ಅಂಗಡಿಯನ್ನು ಕೇಳಿಯೇ ಶುರುವಾಗುತ್ತಿದ್ದ ಆಟಗಳು ತೆರೆಯಲೇ ಇಲ್ಲ.

ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಪಾಸ್‌ಬುಕ್ ಕೈಯಲ್ಲಿದೆ, ಶಾಖೆಯೇ ಇಲ್ಲ. ಆದ್ದರಿಂದ ಪೆಟ್ಟಿಗೆಯ ಅಂದ ನೋಡುವ ಮೊದಲು, ಅದರ ಆಟಗಳು ಯಾವ ಅಂಗಡಿಯಿಂದ ಬರುತ್ತವೆ ಎಂದು ಕೇಳಿ. ಪ್ಲೇ ಸ್ಟೋರ್‌ನಲ್ಲಿ ಕೊಂಡ ಆಟ ನಿಮ್ಮ ಗೂಗಲ್ ಖಾತೆಗೆ ಜಮಾ ಆಗಿರುತ್ತದೆ. ನಾಳೆ ಪೆಟ್ಟಿಗೆ ಸುಟ್ಟುಹೋದರೂ ಬೇರೆ ಕಂಪನಿಯ ಪೆಟ್ಟಿಗೆಗೆ ಅದೇ ಖಾತೆ ಹಾಕಿಕೊಂಡರೆ, ಆ ಆಟ ಅದರಲ್ಲಿ ನಡೆಯುವಂಥದ್ದಾಗಿದ್ದರೆ, ಮತ್ತೆ ದುಡ್ಡು ಕೊಡಬೇಕಿಲ್ಲ. ಅಮೆಜಾನ್‌ನ ಹಲವು ಫೈರ್ ಟೀವಿ ಸ್ಟಿಕ್ಕುಗಳಿಗೂ ಆಂಡ್ರಾಯ್ಡ್ ವಂಶವೇ ಮೂಲ. ಆದರೆ ಅವುಗಳಲ್ಲಿರುವುದು ಅಮೆಜಾನ್‌ನದೇ ಅಂಗಡಿ. ಅಲ್ಲಿ ಕೊಂಡದ್ದು ಇಲ್ಲಿಗೆ ಬರುವುದಿಲ್ಲ, ಇಲ್ಲಿ ಕೊಂಡದ್ದು ಅಲ್ಲಿಗೆ ಹೋಗುವುದಿಲ್ಲ.

ಮೊದಲು ಮನೆಯ ಟೀವಿಯನ್ನು ನೋಡಿ

ಎಲ್ಲಕ್ಕಿಂತ ಅಗ್ಗದ ಪೆಟ್ಟಿಗೆ ಎಂದರೆ ಕೊಳ್ಳಬೇಕಾಗಿಯೇ ಇಲ್ಲದ ಪೆಟ್ಟಿಗೆ. ನಾಲ್ಕಾರು ವರ್ಷಗಳೀಚೆಗೆ ಕೊಂಡ ಟೀವಿಯಾದರೆ ಅದರೊಳಗೇ ಆಂಡ್ರಾಯ್ಡ್ ಟೀವಿ ಅಥವಾ ಗೂಗಲ್ ಟೀವಿ ಇರುವ ಸಾಧ್ಯತೆ ಇದೆ. ಮುಖಪುಟದಲ್ಲಿ ಪ್ಲೇ ಸ್ಟೋರ್ ಕಾಣುತ್ತದೆಯೇ ನೋಡಿ. ಕೇಬಲ್ ಅಥವಾ ಅಂತರ್ಜಾಲದ ಕಂಪನಿ ಕೊಟ್ಟ ಸೆಟ್‌ಟಾಪ್ ಬಾಕ್ಸ್ ಕೂಡ ಕೆಲವೊಮ್ಮೆ ಆಂಡ್ರಾಯ್ಡ್ ಟೀವಿಯೇ ಆಗಿರುತ್ತದೆ. ಹಾಗಿದ್ದರೆ ನಿಮ್ಮ ಖರ್ಚು ಕಂಟ್ರೋಲರಿಗೆ ಮಾತ್ರ. ಅಂಗಡಿಗೆ ಹೋಗುವ ಮೊದಲು ಮಕ್ಕಳಿಗೆ ಈ ಪತ್ತೇದಾರಿ ಕೆಲಸ ವಹಿಸಿ. ರಿಮೋಟ್ ಹಿಡಿದು ಐದು ನಿಮಿಷದಲ್ಲಿ ವರದಿ ಒಪ್ಪಿಸುತ್ತಾರೆ.

ನಮ್ಮ ಟೀವಿ ಹಳೆಯದು, ಸ್ಮಾರ್ಟ್ ಅಲ್ಲ. ಆದರೆ ಎಚ್‌ಡಿಎಂಐ ಕಿಂಡಿಗಳಿವೆ. ಹಾಗಾಗಿ ಪೆಟ್ಟಿಗೆ ಬೇಕಾಯಿತು.

ಮೂರು ಅಂಕಿ, ಒಂದು ವೈರು

ಪೆಟ್ಟಿಗೆಯ ಮೇಲೆ ಹತ್ತಾರು ಅಂಕಿಗಳಿರುತ್ತವೆ. ನೋಡಬೇಕಾದ್ದು ಮೂರೇ.

ಮೊದಲನೆಯದು ರ‍್ಯಾಮ್. ಇದು ಬ್ಯಾಂಕಿನ ಕೌಂಟರಿನ ಮೇಜಿದ್ದಂತೆ. ಮೇಜು ದೊಡ್ಡದಿದ್ದರೆ ನಾಲ್ಕು ಪುಸ್ತಕ ಒಟ್ಟಿಗೆ ಬಿಚ್ಚಿಡಬಹುದು. ಎರಡನೆಯದು ಸ್ಟೋರೇಜ್. ಇದು ಹಿಂದಿನ ಕೋಣೆಯ ಬೀರು. ಆಟಗಳನ್ನು ಇಡುವುದು ಇಲ್ಲಿ. ‘8 ಜಿಬಿ’ ಎಂದು ಬರೆದಿದ್ದರೂ ತಂತ್ರಾಂಶವೇ ಹೆಚ್ಚುಕಡಿಮೆ ಅರ್ಧ ಜಾಗ ತಿಂದಿರುತ್ತದೆ. ಮೂರನೆಯದು ಯುಎಸ್‌ಬಿ ಕಿಂಡಿಗಳ ಸಂಖ್ಯೆ.

ಒಂದೇ ಕಂಪನಿಯ ಎರಡು ಸರಕುಗಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಶಓಮಿ ಕಂಪನಿ 2020ರ ಮೇ ತಿಂಗಳಲ್ಲಿ ಮಿ ಬಾಕ್ಸ್ 4ಕೆ ಎಂಬುದನ್ನು 3,499 ರೂಪಾಯಿಗೆ ಬಿಡುಗಡೆ ಮಾಡಿತು. ಅದೇ ಆಗಸ್ಟಿನಲ್ಲಿ ಮಿ ಟೀವಿ ಸ್ಟಿಕ್ ಎಂಬುದು 2,799ಕ್ಕೆ ಬಂತು. ಎರಡರಲ್ಲೂ ಸ್ಟೋರೇಜ್ 8 ಜಿಬಿ. ಆದರೆ ಸ್ಟಿಕ್ಕಿನಲ್ಲಿ ರ‍್ಯಾಮ್ 1 ಜಿಬಿ, ಪೆನ್‌ಡ್ರೈವ್ ಹಾಕಲು ಕಿಂಡಿ ಇಲ್ಲ. ಬಾಕ್ಸಿನಲ್ಲಿ ರ‍್ಯಾಮ್ 2 ಜಿಬಿ, ಯುಎಸ್‌ಬಿ ಕಿಂಡಿ ಒಂದಿದೆ. ಸಿನಿಮಾ ನೋಡುವವರಿಗೆ 700 ರೂಪಾಯಿ ಉಳಿತಾಯ ಸರಿಯೇ. ಆಟ ಆಡುವವರಿಗೆ ಆ 700 ರೂಪಾಯಿ ಇಮ್ಮಡಿ ಮೇಜನ್ನೂ ಒಂದು ಕಿಟಕಿಯನ್ನೂ ಕೊಡುತ್ತದೆ. ನೀವು ಈಗ ಅಂಗಡಿಯಲ್ಲಿ ನೋಡುವ ಮಾದರಿಗಳು ಬೇರೆ ಇರಬಹುದು, ಬೆಲೆಯೂ ಬೇರೆ ಇರಬಹುದು. ಹೋಲಿಸುವ ಕ್ರಮ ಇದೇ. ಆಟಕ್ಕಾದರೆ 2 ಜಿಬಿಗಿಂತ ಕಡಿಮೆ ರ‍್ಯಾಮ್ ಬೇಡ, ಯುಎಸ್‌ಬಿ ಕಿಂಡಿ ಇಲ್ಲದ್ದು ಬೇಡ.

ಇನ್ನು ವೈರಿನ ವಿಚಾರ. ಸ್ಟಿಕ್ಕಿಗೆ ಬೇಕಾದ ವಿದ್ಯುತ್ತನ್ನು ಟೀವಿಯ ಯುಎಸ್‌ಬಿ ಕಿಂಡಿಯಿಂದಲೇ ಕೊಡಲು ಎಷ್ಟೋ ಜನ ಇಷ್ಟಪಡುತ್ತಾರೆ, ಗೋಡೆಯ ಪ್ಲಗ್ ಒಂದು ಉಳಿಯುತ್ತದೆಂದು. ಸಾಮಾನ್ಯ ಯುಎಸ್‌ಬಿ 2.0 ಕಿಂಡಿ ಕೊಡುವುದು ಅರ್ಧ ಆಂಪಿಯರ್. ಸಾಧನ ಕೇಳುವುದು ಸಾಮಾನ್ಯವಾಗಿ ಒಂದು ಆಂಪಿಯರ್ ಅಥವಾ ಮೇಲೆ. ಆಟ ಜೋರಾದಾಗ ವಿದ್ಯುತ್ ಸಾಲದೆ ಪೆಟ್ಟಿಗೆ ತಾನೇ ಆರಿ ಹತ್ತಿಕೊಳ್ಳುತ್ತದೆ. ಜೊತೆಗೆ ಬಂದ ಅಡಾಪ್ಟರನ್ನೇ ಗೋಡೆಗೆ ಹಾಕಿ. ಆ ಅಡಾಪ್ಟರಿನ ಮೇಲೆ ಬಿಐಎಸ್ ಗುರುತು ಇದೆಯೇ, ‘ಆರ್’ ಅಕ್ಷರದ ಮುಂದೆ ಎಂಟು ಅಂಕಿಯ ನೋಂದಣಿ ಸಂಖ್ಯೆ ಇದೆಯೇ ನೋಡಿ. ಬಿಐಎಸ್ ಕೇರ್ ಎಂಬ ಸರ್ಕಾರಿ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ.

‘ಹತ್ತು ಸಾವಿರ ಆಟ’ ಎಂಬ ಆಸೆ

ನಮ್ಮ ಬೀದಿಯ ಒಂದು ಮನೆಯವರು ಆನ್‌ಲೈನಿನಲ್ಲಿ ‘ಹತ್ತು ಸಾವಿರ ಆಟಗಳು’ ಎಂಬ ಸ್ಟಿಕ್ಕನ್ನು ಎರಡು ಕಂಟ್ರೋಲರ್ ಸಮೇತ ಎರಡು ಸಾವಿರದೊಳಗೆ ತರಿಸಿದರು. ನಾನೂ ಹೋಗಿ ನೋಡಿದೆ. ಒಂದೇ ಆಟ ಐದು ಹೆಸರಿನಲ್ಲಿತ್ತು. ಎಷ್ಟೋ ಆಟಗಳಲ್ಲಿ ಅಕ್ಷರಗಳು ಜಪಾನಿ ಭಾಷೆಯವು. ಎರಡು ವಾರಕ್ಕೆ ಒಂದು ಕಂಟ್ರೋಲರಿನ ಗುಂಡಿ ಒಳಗೇ ಕೂತುಬಿಟ್ಟಿತು. ಮಾರಿದವನು ಫೋನ್ ಎತ್ತಲಿಲ್ಲ.

ಈ ಆಸೆ ಹೊಸದೇನಲ್ಲ. ತೊಂಬತ್ತರ ದಶಕದಲ್ಲಿ ನನ್ನ ಮಗ ಆಡುತ್ತಿದ್ದ ಟೀವಿ ಗೇಮಿನ ಕಾರ್ಟ್ರಿಡ್ಜ್ ಮೇಲೆ ‘9999 ಇನ್ 1’ ಎಂದು ಬಂಗಾರದ ಬಣ್ಣದಲ್ಲಿ ಬರೆದಿತ್ತು. ಎಣಿಸಿದರೆ ಬೇರೆ ಬೇರೆ ಆಟ ಹತ್ತು ಹನ್ನೆರಡು. ಉಳಿದದ್ದು ಅವುಗಳದೇ ಪುನರಾವರ್ತನೆ. ಇಂಥ ಸ್ಟಿಕ್ಕುಗಳಲ್ಲಿರುವುದು ಹೆಚ್ಚಾಗಿ ಹಳೆಯ ಕಂಪನಿಗಳ ಆಟಗಳ ಅನುಮತಿಯಿಲ್ಲದ ನಕಲು. ಆಟ ಹಳೆಯದಾದರೂ ಅದರ ಹಕ್ಕು ಇನ್ನೂ ಅದನ್ನು ಮಾಡಿದವರದೇ. ಇದನ್ನು ಮಕ್ಕಳಿಗೆ ಬಿಡಿಸಿ ಹೇಳುವುದು ಒಳ್ಳೆಯದು.

ಇದಕ್ಕಿಂತ ದೊಡ್ಡ ಅಪಾಯ ಗುರುತಿಲ್ಲದ ಆಂಡ್ರಾಯ್ಡ್ ಬಾಕ್ಸ್‌ಗಳಲ್ಲಿದೆ. 2023ರ ಜನವರಿಯಲ್ಲಿ ಕೆನಡಾದ ಒಬ್ಬ ಭದ್ರತಾ ತಜ್ಞ, ತಾನು ಆನ್‌ಲೈನಿನಲ್ಲಿ ಕೊಂಡ ಟಿ95 ಎಂಬ ಅಗ್ಗದ ಬಾಕ್ಸಿನಲ್ಲಿ ದುಷ್ಟ ತಂತ್ರಾಂಶ ಮೊದಲೇ ಸೇರಿಕೊಂಡಿರುವುದನ್ನು ಪತ್ತೆ ಹಚ್ಚಿದ. ಮುಂದೆ ಇಂಥ ಜಾಲಕ್ಕೆ ‘ಬ್ಯಾಡ್‌ಬಾಕ್ಸ್’ ಎಂಬ ಹೆಸರೇ ಬಂತು. 2025ರ ಜೂನ್‌ನಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಸಾರ್ವಜನಿಕ ಎಚ್ಚರಿಕೆ ಹೊರಡಿಸಿತು. ಮರು ತಿಂಗಳೇ ಗೂಗಲ್ ಈ ಜಾಲದವರ ಮೇಲೆ ನ್ಯೂಯಾರ್ಕಿನಲ್ಲಿ ಮೊಕದ್ದಮೆ ಹೂಡಿ, ಒಂದು ಕೋಟಿಗೂ ಹೆಚ್ಚು ಸಾಧನಗಳಿಗೆ ಇದು ತಗುಲಿದೆ ಎಂದಿತು. ಇಂಥ ಪೆಟ್ಟಿಗೆ ಮನೆಯ ವೈಫೈಗೆ ಸೇರಿದರೆ, ಯಾರೋ ಎಲ್ಲೋ ಕೂತು ನಿಮ್ಮ ಮನೆಯ ಅಂತರ್ಜಾಲದ ವಿಳಾಸದಿಂದ ತಮ್ಮ ಕಳ್ಳವ್ಯವಹಾರ ನಡೆಸಬಹುದು. ಟೀವಿಯಲ್ಲಿ ಆಟ ಚೆನ್ನಾಗಿಯೇ ಓಡುತ್ತಿರುತ್ತದೆ, ನಿಮಗೆ ಸುಳಿವೂ ಸಿಗುವುದಿಲ್ಲ.

ಗುರುತಿಸುವುದು ಹೇಗೆ? ಎಲ್ಲ ಸಿನಿಮಾ, ಎಲ್ಲ ಚಾನೆಲ್ ಪುಕ್ಕಟೆ ಎಂದು ಮಾರುವ ಪೆಟ್ಟಿಗೆ ಬೇಡ. ಹೆಸರೇ ಕೇಳಿರದ ಕಂಪನಿ ಬೇಡ. ‘ಪ್ಲೇ ಪ್ರೊಟೆಕ್ಟ್’ ಎಂಬ ಕಾವಲನ್ನು ಆಫ್ ಮಾಡಿ ಎಂದು ಹೇಳುವ ಪೆಟ್ಟಿಗೆ ಖಂಡಿತ ಬೇಡ. ಅನುಮತಿ ಪಡೆದ ಆಂಡ್ರಾಯ್ಡ್ ಟೀವಿ ಕಂಪನಿಗಳ ಪಟ್ಟಿಯನ್ನು ಗೂಗಲ್ ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಮಕ್ಕಳೇ, ಅಂಗಡಿಗೆ ಹೋಗುವ ಮೊದಲು ಅದನ್ನು ತೆಗೆದು ನಿಮ್ಮ ತಾತನಿಗೆ ಓದಿ ಹೇಳಿ.

ಪೆಟ್ಟಿಗೆಗಿಂತ ಎರಡನೇ ಕಂಟ್ರೋಲರ್ ಮುಖ್ಯ

ನಾವು ಜಾಯ್‌ಸ್ಟಿಕ್ ಎನ್ನುತ್ತಿದ್ದುದನ್ನು ಈಗಿನ ಮಕ್ಕಳು ಕಂಟ್ರೋಲರ್ ಎನ್ನುತ್ತಾರೆ. ನನ್ನ ಲೆಕ್ಕದ ಸಾರವೆಲ್ಲ ಈ ಭಾಗದಲ್ಲಿದೆ.

ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಫ್ಯಾಮಿಕಾಂ ಎಂಬ ಆಟದ ಯಂತ್ರ ತಂದಾಗ, ಅದಕ್ಕೆ ಎರಡು ಕಂಟ್ರೋಲರುಗಳನ್ನು ವೈರಿನಿಂದ ಅಂಟಿಸಿಯೇ ಕೊಟ್ಟಿತ್ತು. ನಮ್ಮ ಊರುಗಳಿಗೆ ಬಂದ ‘ಟೀವಿ ಗೇಮ್’ ಅದರದೇ ನಕಲು. ಅದರ ಜೊತೆಗೂ ಎರಡು ಬರುತ್ತಿದ್ದವು. ಮಗ ಮತ್ತು ಪಕ್ಕದ ಮನೆಯ ಹುಡುಗ ಭುಜಕ್ಕೆ ಭುಜ ತಾಗಿಸಿ ಕೂತು ಆಡುತ್ತ ಜಗಳವಾಡುತ್ತಿದ್ದರು. ಇಂದಿನ ದುಬಾರಿ ಯಂತ್ರಗಳ ಜೊತೆಗೂ ಬರುವುದು ಒಂದೇ ಕಂಟ್ರೋಲರ್. ಎರಡನೆಯವರು ಬೇರೆ ಮನೆಯಲ್ಲಿ ಕೂತು ಅಂತರ್ಜಾಲದಲ್ಲಿ ಆಡುತ್ತಾರೆ ಎಂಬ ಲೆಕ್ಕವೋ ಏನೋ!

ಒಂದೇ ಕಂಟ್ರೋಲರ್ ಇರುವ ಮನೆಯಲ್ಲಿ ಒಬ್ಬರು ಆಡುತ್ತಾರೆ, ಉಳಿದವರು ಮತ್ತೆ ಫೋನ್ ತೆಗೆಯುತ್ತಾರೆ. ಅಲ್ಲಿಗೆ ಟೀವಿಗೆ ತಂದ ಉದ್ದೇಶವೇ ಹೋಯಿತು. ಆದ್ದರಿಂದ ನಿಮ್ಮ ಮಿತಿಯೊಳಗೆ ಎರಡು ಕಂಟ್ರೋಲರ್ ದುಡ್ಡನ್ನು ಮೊದಲು ತೆಗೆದಿಡಿ. ಉಳಿದದ್ದರಲ್ಲಿ ಪೆಟ್ಟಿಗೆ ಹುಡುಕಿ. ಆಂಡ್ರಾಯ್ಡಿಗೆ ಕಂಟ್ರೋಲರ್ ಜೋಡಿಸುವ ಸೌಲಭ್ಯ 2011ರಿಂದಲೇ ಇದೆ. ಸಾವಿರದಿಂದ ಎರಡು ಸಾವಿರ ರೂಪಾಯಿಯೊಳಗೆ ಕೆಲಸಕ್ಕೆ ಬರುವಂಥವು ಸಿಗುತ್ತವೆ. ರಟ್ಟಿನ ಮೇಲೆ ‘ಆಂಡ್ರಾಯ್ಡ್’ ಎಂದು ಬರೆದಿರಬೇಕು. ಬ್ಲೂಟೂತ್ ಆದರೆ ವೈರು, ಕಿಂಡಿ ಎರಡೂ ಬೇಡ. ಸಣ್ಣ ರಿಸೀವರ್ ಜೊತೆ ಬರುವಂಥದ್ದಾದರೆ ಪ್ರತಿಯೊಂದಕ್ಕೂ ಒಂದು ಯುಎಸ್‌ಬಿ ಕಿಂಡಿ ಬೇಕಾಗುತ್ತದೆ. ಫೋನನ್ನು ನಡುವೆ ಸಿಕ್ಕಿಸಿ ಆಡುವ ಮಾದರಿ ಟೀವಿಗೆ ಬೇಡ. ಅಂಗಡಿಯಲ್ಲೇ ಕೈಗೆ ತೆಗೆದುಕೊಂಡು ಎಲ್ಲ ಗುಂಡಿ ಒತ್ತಿ ನೋಡಿ. ಮಗುವಿನ ಹೆಬ್ಬೆರಳಿಗೂ ಎಟುಕಬೇಕು, ಸಂಧಿವಾತದ ಹೆಬ್ಬೆರಳಿಗೂ ನೋಯಬಾರದು.

ನನಗೆ ಈ ಎರಡನೇ ಕಂಟ್ರೋಲರ್ ಏಕೆ ಬೇಕಿತ್ತೆಂದು ಹೇಳಿಬಿಡುತ್ತೇನೆ. ಪುಣೆಯ ಮೊಮ್ಮಗಳಿಗೆ ಮರಾಠಿ, ಹಿಂದಿ, ಇಂಗ್ಲಿಷ್ ನೀರು ಕುಡಿದಂತೆ. ಕನ್ನಡ ಅರ್ಥವಾಗುತ್ತದೆ, ನಾಲಿಗೆಗೆ ಬರುವುದಿಲ್ಲ. ಅವಳ ಅಜ್ಜಿಗೆ ಕನ್ನಡ ಬಿಟ್ಟು ಬೇರೆ ಗೊತ್ತಿಲ್ಲ. “ಊಟ ಆಯ್ತಾ ಪುಟ್ಟಿ?” “ಹ್ಞೂಂ ಅಜ್ಜಿ.” ವರ್ಷ ವರ್ಷವೂ ಮಾತು ಇಷ್ಟಕ್ಕೇ ನಿಲ್ಲುತ್ತಿತ್ತು. ಈ ಬೇಸಿಗೆಯಲ್ಲಿ ಅಜ್ಜಿ ಕೈಗೆ ಕಂಟ್ರೋಲರ್ ಬಂದ ಮೇಲೆ ಹುಡುಗಿ ಬಾಯಿಬಿಡಲೇಬೇಕಾಯಿತು. “ಅಜ್ಜಿ ಬಲಕ್ಕೆ! ಬಲಕ್ಕೆ! ಅಯ್ಯೋ, ಅದು ಎಡ! ನಿಲ್ಲು, ಬಸ್ ಬರ್ತಿದೆ!” ಅಜ್ಜಿಯೂ ಬಿಡಲಿಲ್ಲ. “ಬಸ್ ಅಲ್ವೇ ಅದು, ಲಾರಿ. ಲಾರಿ ಅನ್ನು.” ಹೀಗೆ ದಿನಕ್ಕೆ ಹತ್ತು ಹದಿನೈದು ಮಾತು. ಇದಕ್ಕೆ ಲೆಡ್ಜರಿನಲ್ಲಿ ಯಾವ ಕಾಲಂನಲ್ಲಿ ಎಷ್ಟು ಬರೆಯಬೇಕೋ ನನ್ನ ಬಿ.ಕಾಂ. ಪುಸ್ತಕದಲ್ಲಿ ಇರಲಿಲ್ಲ.

ಯಾವ ಆಟ?

ಪ್ಲೇ ಸ್ಟೋರ್ ಜಾಲತಾಣದಲ್ಲಿ ಆಟಗಳ ಪುಟ ತೆರೆದರೆ ಫೋನ್, ಟ್ಯಾಬ್ಲೆಟ್, ಟೀವಿ ಎಂದು ಬೇರೆ ಬೇರೆ ವಿಭಾಗಗಳಿವೆ. ಟೀವಿ ವಿಭಾಗದಲ್ಲಿರುವುದನ್ನು ಮಾತ್ರ ನಂಬಿ. ಮಕ್ಕಳು ಮೊದಲು ತಮಗೆ ಬೇಕಾದ ಐದು ಆಟಗಳ ಹೆಸರು ಬರೆದು, ಅವು ಆ ವಿಭಾಗದಲ್ಲಿ ಇವೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಪೆಟ್ಟಿಗೆ ತಂದ ಮೇಲೆ ಅಳು.

ನಮ್ಮ ಮನೆಯಲ್ಲಿ ಓಡಿದ ಮೂರು ಆಟಗಳನ್ನು ಹೇಳುತ್ತೇನೆ. ಒಂದು ಕ್ರಾಸಿ ರೋಡ್, 2014ರಲ್ಲಿ ಬಂದದ್ದು. ಒಂದು ಕೋಳಿಯನ್ನು ವಾಹನಗಳ ನಡುವೆ ರಸ್ತೆ ದಾಟಿಸಬೇಕು, ಅಷ್ಟೆ. ಗುಂಡಿಗಳ ಗೊಂದಲವಿಲ್ಲ. ಹಿರಿಯರು ಕಲಿಯಲು ಇದಕ್ಕಿಂತ ಸುಲಭದ್ದು ನನಗೆ ಕಾಣಲಿಲ್ಲ. ಎರಡನೆಯದು ಬೀಚ್ ಬಗ್ಗಿ ರೇಸಿಂಗ್. ಪುಟ್ಟ ಕಾರುಗಳ ಓಟ. ಟೀವಿಯ ಪರದೆಯನ್ನು ಹಂಚಿಕೊಂಡು ನಾಲ್ಕು ಜನರವರೆಗೂ ಒಟ್ಟಿಗೆ ಓಡಿಸಬಹುದು. ಮೂರನೆಯದು ಬಾಂಬ್‌ಸ್ಕ್ವಾಡ್. ಹೆಸರು ಕೇಳಿ ಗಾಬರಿಯಾಗಬೇಡಿ. ಬೊಂಬೆಗಳು ಒಂದನ್ನೊಂದು ತಳ್ಳಿ ಬೀಳಿಸುವ ತಮಾಷೆ. ಎಂಟು ಜನ ಒಟ್ಟಿಗೆ ಆಡಬಹುದು. ಇದರ ವಿಶೇಷ ಏನೆಂದರೆ, ರಿಮೋಟ್ ಎಂಬ ಅದರದೇ ಆ್ಯಪ್ ಹಾಕಿಕೊಂಡರೆ ಮನೆಯಲ್ಲಿರುವ ಫೋನುಗಳೇ ಕಂಟ್ರೋಲರ್ ಆಗುತ್ತವೆ. ನೆಂಟರು ಬಂದ ದಿನ ಕಂಟ್ರೋಲರ್ ಸಾಲದು ಎಂಬ ಚಿಂತೆಯಿಲ್ಲ. ಬೇರೆ ಬೇರೆ ಮೂಲೆಗೆ ಹೋಗಿದ್ದ ಫೋನುಗಳು ಹೀಗೆ ಒಂದೇ ಜಮಖಾನದ ಮೇಲೆ ಬಂದು ಸೇರಿದವು.

ಒಂದು ಸಣ್ಣ ಉಪಾಯ: ಗುಂಡಿ ಒತ್ತಿದ ಮೇಲೆ ಕಾರು ತಡವಾಗಿ ತಿರುಗಿದರೆ ಪೆಟ್ಟಿಗೆಯನ್ನು ಬೈಯಬೇಡಿ. ಟೀವಿ ಚಿತ್ರವನ್ನು ನಯಗೊಳಿಸಲು ಸ್ವಲ್ಪ ಸಮಯ ತೆಗೆದುಕೊಳ್ಳುತ್ತದೆ. ಧಾರಾವಾಹಿಗೆ ಅದು ಗೊತ್ತಾಗುವುದಿಲ್ಲ, ಆಟಕ್ಕೆ ಗೊತ್ತಾಗುತ್ತದೆ. ಟೀವಿಯ ಪಿಕ್ಚರ್ ಸೆಟ್ಟಿಂಗ್ಸ್‌ನಲ್ಲಿ ‘ಗೇಮ್ ಮೋಡ್’ ಇದ್ದರೆ ಅದನ್ನು ಆನ್ ಮಾಡಿ. ದುಡ್ಡು ಕೊಡದೆ ಸಿಗುವ ಸುಧಾರಣೆ ಇದು.

ದುಡ್ಡಿನ ಬಾಗಿಲಿಗೆ ಬೀಗ

ಬ್ಯಾಂಕಿನಲ್ಲಿದ್ದವನು ಈ ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಉಚಿತ ಆಟಗಳೊಳಗೆ ನಾಣ್ಯ, ರತ್ನ, ಹೊಸ ಕಾರು ಎಂದು ಮಾರುವ ಪುಟ್ಟ ಅಂಗಡಿಗಳಿರುತ್ತವೆ. ಪೆಟ್ಟಿಗೆಯ ಖಾತೆಗೆ ನಿಮ್ಮ ಡೆಬಿಟ್ ಕಾರ್ಡು, ಕ್ರೆಡಿಟ್ ಕಾರ್ಡು ಜೋಡಿಸಬೇಡಿ. ಪಿಂಚಣಿ ಬರುವ ಖಾತೆಯಂತೂ ಬೇಡವೇ ಬೇಡ. ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ. ಆ ಪಾಸ್‌ವರ್ಡ್ ಹಿರಿಯರ ತಲೆಯಲ್ಲಿರಲಿ, ಫ್ರಿಜ್ ಮೇಲಿನ ಚೀಟಿಯಲ್ಲಿ ಬೇಡ. ಆಟ ಕೊಳ್ಳಬೇಕಾದರೆ ಪ್ಲೇ ಸ್ಟೋರ್ ರೀಚಾರ್ಜ್ ಕೋಡ್ ಸಿಗುತ್ತದೆ. ಮುನ್ನೂರು ರೂಪಾಯಿ ಹಾಕಿಸಿದರೆ ಮುನ್ನೂರೇ ಖರ್ಚು. ಇದನ್ನು ಮಕ್ಕಳ ಕೈಖರ್ಚಿನಂತೆ ಕೊಟ್ಟು, ಏನಕ್ಕೆ ಹೋಯಿತೆಂದು ಅವರಿಂದಲೇ ಬರೆಸಿ.

ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳ ಮಾತೇ ಬೇಡ. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಅಂಥವನ್ನು ನಿಷೇಧಿಸಿದೆ. ಎಲ್ಲಾದರೂ ಹಣ ಮೋಸವಾದರೆ ನಾಚಿಕೊಂಡು ಕೂರದೆ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕೂಡಲೇ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ.

ಹೊತ್ತಿಗೂ ಬೀಗ ಬೇಕು. ನಮ್ಮಲ್ಲಿ ಅರ್ಧ ಗಂಟೆಗೆ ಒಮ್ಮೆ ಎಲ್ಲರೂ ಎದ್ದು ನೀರು ಕುಡಿಯಬೇಕು, ದಿನಕ್ಕೆ ಒಂದೂವರೆ ಗಂಟೆ ಮೀರಬಾರದು. ಗಡಿಯಾರ ನೋಡುವ ಕೆಲಸ ಮೊಮ್ಮಗನದು. ಕಾವಲು ಅವನಿಗೇ ಕೊಟ್ಟದ್ದರಿಂದ ಕಳ್ಳತನವಿಲ್ಲ.

ನಮ್ಮ ಮನೆಯ ಖರ್ಚು

ಅನುಮತಿ ಪಡೆದ ಆಂಡ್ರಾಯ್ಡ್ ಟೀವಿ ಬಾಕ್ಸ್: 3,800 ರೂ.
ಬ್ಲೂಟೂತ್ ಕಂಟ್ರೋಲರ್ ಎರಡು, ತಲಾ 1,400ರಂತೆ: 2,800 ರೂ.
32 ಜಿಬಿ ಪೆನ್‌ಡ್ರೈವ್: 400 ರೂ.
ಪ್ಲೇ ಸ್ಟೋರ್ ರೀಚಾರ್ಜ್: 300 ರೂ.
ಒಟ್ಟು: 7,300 ರೂ.
ಮಿತಿ 8,000ದಲ್ಲಿ ಉಳಿದದ್ದು: 700 ರೂ.

ಉಳಿದ ಏಳುನೂರನ್ನು ನಾನು ಮೀಸಲು ನಿಧಿಗೆ ಹಾಕಿದ್ದೇನೆ. ಆಟದ ಸಾಮಾನಿನಲ್ಲಿ ಮೊದಲು ಸವೆಯುವುದು ಗುಂಡಿಗಳು. ಕಂಟ್ರೋಲರ್ ಕೆಟ್ಟ ದಿನ ಈ ದುಡ್ಡು ಅರ್ಧ ಬೆಲೆಗೆ ಆಸರೆ.

ಅಂಗಡಿಗೆ ಹೋಗುವ ಮುನ್ನ

1. ಮನೆಯ ಟೀವಿಯಲ್ಲಿ ಅಥವಾ ಸೆಟ್‌ಟಾಪ್ ಬಾಕ್ಸಿನಲ್ಲಿ ಪ್ಲೇ ಸ್ಟೋರ್ ಈಗಾಗಲೇ ಇದೆಯೇ?
2. ಬೇಕಾದ ಐದು ಆಟಗಳು ಟೀವಿ ವಿಭಾಗದಲ್ಲಿ ಸಿಗುತ್ತವೆಯೇ?
3. ಎರಡು ಕಂಟ್ರೋಲರಿನ ದುಡ್ಡು ಬೇರೆ ತೆಗೆದಿಟ್ಟಿದ್ದೀರಾ?
4. ಕಂಪನಿಯ ಹೆಸರು ಗೂಗಲ್‌ನ ಪಟ್ಟಿಯಲ್ಲಿದೆಯೇ?
5. ರ‍್ಯಾಮ್ 2 ಜಿಬಿಗೆ ಕಡಿಮೆ ಇಲ್ಲವಲ್ಲ? ಯುಎಸ್‌ಬಿ ಕಿಂಡಿ ಇದೆಯೇ?
6. ಅಡಾಪ್ಟರ್ ಮೇಲೆ ಬಿಐಎಸ್ ನೋಂದಣಿ ಸಂಖ್ಯೆ ಇದೆಯೇ?
7. ಬಿಲ್ಲು, ವಾರಂಟಿ, ಅಂಗಡಿಯ ಮೊಹರು ಮೂರೂ ಸಿಗುತ್ತವೆಯೇ?

ಮಕ್ಕಳೇ, ಈ ಏಳು ಪ್ರಶ್ನೆಗಳನ್ನು ಒಂದು ಹಾಳೆಗೆ ಬರೆದುಕೊಂಡು, ಎದುರಿಗೆ ಉತ್ತರ ತುಂಬಿಸಿ, ಆಮೇಲೆ ತಾತನ ಹತ್ತಿರ ಹೋಗಿ. ಬರೀ “ಕೊಡಿಸು” ಎಂದರೆ ತಾತ “ನೋಡೋಣ” ಎನ್ನುತ್ತಾರೆ. ಹಾಳೆ ತೋರಿಸಿದರೆ ಕನ್ನಡಕ ಹುಡುಕುತ್ತಾರೆ. ತಾತಂದಿರೇ, ಅಜ್ಜಿಯರೇ, ನಿಮಗೂ ಒಂದು ಮಾತು. ಪೆಟ್ಟಿಗೆ ಕೊಡಿಸಿ ನಿಮ್ಮ ಪಾಡಿಗೆ ದಿನಪತ್ರಿಕೆ ಹಿಡಿದು ಕೂರಬೇಡಿ. ಎರಡನೇ ಕಂಟ್ರೋಲರ್ ತಂದದ್ದು ನಿಮಗಾಗಿಯೇ.